ನೀರಿನ್ಯಾಗ ಎಡಕ್ಕ ಹೋಗ್ತಿದ್ದ ನಮ್ಮ ವೈನಿ

ಹೋದ ವಾರ ಒಬ್ಬ ತಮ್ಮ ಇನ್‌ಬಾಕ್ಸಿಗೆ ಬಂದು ಕೇಳಿದ: "ಅಣ್ಣಾ, ಟ್ರಯಾಥ್ಲಾನ್ ಮಾಡಬೇಕಂತ ಮಾಡೀನಿ. ಕೋಚ್ ಇಟ್ಕೊಳ್ಲೋ, ನನ್ನಷ್ಟಕ್ಕ ನಾನೇ ತಯಾರಿ ಮಾಡ್ಕೊಳ್ಲೋ?"

ನನ್ನ ಡಿಪಿ ನೋಡಿದ ಮ್ಯಾಲೂ ಈ ಪ್ರಶ್ನಿ ನನಗ ಕೇಳ್ಯಾನಂದ್ರ ಅವನ ಧೈರ್ಯ ಮೆಚ್ಚಬೇಕು. ನನ್ನ ಹೊಟ್ಟಿ ಯಾವ ಫೋಟೋದಾಗೂ ಅಡಗೋದಿಲ್ಲ. ನಾ ಕಡೀಗೆ ಓಡಿದ್ದು ಮಹಾರಾಷ್ಟ್ರ ಗಡ್ಯಾಗಿನ ನಮ್ಮ ಉಮರ್ಗಾ ಬಸ್ ಸ್ಟ್ಯಾಂಡಿನ್ಯಾಗ, ಅದೂ ಬಸ್ಸು ಬಿಟ್ಟು ಹೋಗ್ಲಿಕ್ಕತ್ತಿತ್ತಂತ. ಖರೆ ಅಂವಾ ನನಗ ಕೇಳಿದ್ದು ತಪ್ಪಲ್ಲ. ಯಾಕಂದ್ರ ಇದೇ ಪ್ರಶ್ನಿ ಮ್ಯಾಲೆ ನಮ್ಮ ಬಾಜೂ ಅಂಗಡ್ಯಾಗ ವರ್ಷ ಪೂರಾ ಜಗಳಾ ನಡದದ, ಮತ್ತ ಆ ಜಗಳಾ ನಾ ಪುಕ್ಕಟೆ ಕುಂತು ನೋಡೀನಿ.

ಗೊತ್ತಿಲ್ಲದವ್ರಿಗೆ ಹೇಳ್ತೀನಿ. ಟ್ರಯಾಥ್ಲಾನ್ ಅಂದ್ರ ಮೊದಲ ಈಜಬೇಕು, ಹಸೀ ಮೈಲೇ ಸೈಕಲ್ ಹತ್ತಬೇಕು, ಸೈಕಲ್ ಇಳಿದು ಓಡಬೇಕು. ನಡುವ ಚಹಾ ಇಲ್ಲ. ಒಂದೊಂದಕ್ಕೂ ವೇಳ್ಯಾ ಕಟ್ಟಿರ್ತಾರ, ಅದು ಮೀರಿದ್ರ ಹೊರಗ ಹಾಕ್ತಾರ.

ಇದನ್ನ ಮಾಡಿದಾಕಿ ನಮ್ಮ ಓಣಿ ಅರಿವಿ ಅಂಗಡಿ ವೈನಿ. ಹೆಸರು ಬರಿಯೋದಿಲ್ಲ. ಹೋದ ತಿಂಗಳು ಅಂಗಡಿ, ಸಂಸಾರ ಎಲ್ಲಾ ಎತ್ಕೊಂಡು ಲಾತೂರಿಗೆ ಹೋದ್ರು. ಅವ್ರ ಅಂಗಡಿ ಶಟರ್ ಕೆಳಗಿಳಿದದ್ದು ನೋಡಿ ನೋಡಿ ನನಗ ಬ್ಯಾಸರ ಆಗಿ, ನಿಮ್ಮ ಬಗ್ಗೆ ಒಂದಿಷ್ಟು ಬರೀತೀನಿ ಅಂತ ಫೋನ್ ಮಾಡಿದ್ದೆ. "ಬರೀರಿ ಭಾವಜೀ, ಬೇಕಾದ್ದು ಬರೀರಿ. ಖರೆ ಹೆಸರು, ಫೋಟೋ ಹಾಕಿದ್ರ ಅಲ್ಲಿಗೇ ಬಂದು ನಿಮ್ಮ ಶಟರೂ ಇಳಸ್ತೀನಿ" ಅಂದ್ಳು. ಮಾಡೋ ಹೆಣ್ಣುಮಗಳೇ. ಅದಕ್ಕ ಹೆಸರಿಲ್ಲ.

ವಯಸ್ಸಿನ್ಯಾಗ ನನಕಿಂತ ನಾಕೈದು ವರ್ಷ ಸಣ್ಣಾಕಿ, ಖರೆ ಆಕಿ ಗಂಡನ್ನ ನಾ ಅಣ್ಣ ಅಂತೀನಿ, ಹಂಗಾಗಿ ಆಕಿ ವೈನಿ. ಎದುರಿಗೆ ‘ರೀ’ ಹಚ್ಚೇ ಮಾತಾಡ್ತೀನಿ. ಬರೀಲಿಕ್ಕ ಕುಂತಾಗ ಮಾತ್ರ ‘ಆಕಿ’ ಅಂತನೇ ಬರ್ಲಿಕ್ಕತ್ತದ, ನಡೀಲಿ ಬಿಡ್ರಿ.

ಆಕಿ ಅರಿವಿ ಹರಿಯೋದು ನೋಡಬೇಕಿತ್ತು ನೀವು. ಅಣ್ಣ ಕತ್ರಿ ಹುಡುಕೋದ್ರಾಗ ಈಕಿ ಅಂಚಿಗೊಂದು ಹಲ್ಲು ಹಚ್ಚಿ, ಎರಡೂ ಕೈಲೇ ಚರ್ ಅಂತ ಹರದು, ಮಡಚಿ, ಗಿರಾಕಿ ಕೈಯಾಗ ಇಟ್ಟಿರ್ತಿದ್ಳು. ಒಂದು ಎಳಿ ವಾರಿ ಆಗ್ತಿರಲಿಲ್ಲ. ಅಣ್ಣ ಮೆತ್ತಗಿನ ಮನಶಾ, ಗಿರಾಕಿ ಚೌಕಾಶಿ ಮಾಡಿದ್ರ ಮಕಾ ಬಾಡಸ್ಕೊಂಡು ಕುಂಡ್ತಿದ್ದ. ವೈನಿ ಮಾತ್ರ, "ಕಾಕಾ, ಇಷ್ಟಕ್ಕ ಕೊಟ್ರ ನಾಳಿ ನಾನೇ ನಿಮ್ಮ ಮನಿಗೆ ಊಟಕ್ಕ ಬರಬೇಕಾಗ್ತದ, ನಡೀತದೇನು?" ಅಂತ ನಗಿಸಿ ರೊಕ್ಕ ತಗೊಂಡೇ ಬಿಡಾಕಿ. ಆಕಿದೊಂದು ಮಾತು ಓಣಿಗೇ ಬಾಯಿಪಾಠ ಆಗಿತ್ತು: "ಬರ್ತದಲ್ಲ, ಮತ್ತ್ಯಾಕ ಬಿಡ್ಲಿ?"

ಟ್ರಯಾಥ್ಲಾನ್ ಶುರು ಆಗಿದ್ದೂ ಆ ಮಾತಿನಿಂದೇ. ಯಾರದೋ ಫೋನಿನ್ಯಾಗ ವಿಡಿಯೋ ನೋಡಿದ್ಳು. "ಭಾವಜೀ, ನನಗ ಈಜು ಬರ್ತದ, ಸೈಕಲ್ ಬರ್ತದ, ಓಡ್ಲಿಕ್ಕಂತೂ ಟ್ಯಾಂಕರ್ ಹಿಂದ ದಿನಾ ಓಡ್ತೀನಿ. ಮೂರೂ ಒಂದೇ ದಿವ್ಸ ಮಾಡಿದ್ರ ಮೆಡಲ್ ಕೊಡ್ತಾರಂತ. ಬರ್ತದಲ್ಲ, ಮತ್ತ್ಯಾಕ ಬಿಡ್ಲಿ?"

ಟ್ಯಾಂಕರ್ ಅಂದಿದ್ದು ಚೇಷ್ಟಿ ಅಲ್ಲ. ಲಾತೂರಿಗೆ ರೈಲಿನ್ಯಾಗ ನೀರು ಬಂತಲ್ಲ, ಆ ಬರಗಾಲದ ವರ್ಷಗಳು ಅವು. ನಮ್ಮ ಓಣಿ ನಳದಾಗ ಗಾಳಿ ಸೈತ ಬರ್ತಿರಲಿಲ್ಲ. ಟ್ಯಾಂಕರ್ ಹಾರ್ನ್ ಕೇಳಿತಂದ್ರ ಕೈಯಾಗಿನ ಕೆಲ್ಸ ಬಿಟ್ಟು ಕೊಡಾ ಹಿಡ್ಕೊಂಡು ಎಲ್ಲಾರೂ ಓಡೋದು. ಎಲ್ಲಾರಕಿಂತ ಮುಂದ ವೈನಿ. ತನ್ನ ಕೊಡಾ ಇಟ್ಟು, ಬಾಜೂಮನಿ ಮುದುಕೀದೂ ಇಟ್ಟು, "ಇದು ನಂದು, ಇದೂ ನಂದೇ" ಅಂತ ಎರಡೂ ಕೈ ಚಾಚ್ಕೊಂಡು ನಿಂದ್ರಾಕಿ.

ಇಂಥಾ ವರ್ಷದಾಗ ಈಜೋದಾ? ಅದನ್ನೇ ಎಲ್ಲಾರೂ ಕೇಳಿದ್ರು. ಎಲ್ಲಾರಕಿಂತ ಜೋರಾಗಿ ಕೇಳಿದವ್ರು ಆಕಿ ಅತ್ತಿ.

ಆ ಅತ್ತಿನ ನಾವೆಲ್ಲಾ ಆಯಿ ಅಂತೀವಿ. ಮನಿ ಕಾರಭಾರ ಎಲ್ಲಾ ಅವ್ರದೇ. ಕಟ್ಟಾ ಶಿವಭಕ್ತರು, ಮುಂಜಾನಿ ಕೈಯಾಗ ಇಷ್ಟಲಿಂಗ ಹಿಡದು ಪೂಜಾ ಆಗೋತನಕ ಒಂದು ಗುಟುಕು ಚಹಾ ಸೈತ ಇಲ್ಲ. ಬಾಯಿ ಹೆಂಗಂದ್ರ, ಉಮರ್ಗಾದಾಗ ಕೂಗಿದ್ರ ಯೆಣೆಗೂರದಾಗ ಲಾರಿ ನಿಂದ್ರಬೇಕು.

"ನೀರಿಲ್ಲದ ಊರಾಗ ಈಜ್ತಾಳಂತ ನಮ್ಮ ಸೊಸಿ" ಅಂತ ಕಟ್ಟಿ ಮ್ಯಾಲೆ ಕುಂತು ಹೋಗೋ ಬರೋರಿಗೆಲ್ಲಾ ಹೇಳ್ತಿದ್ರು. "ನಾಳಿ ಹಿಮದಾಗ ಜಾರ್ತೀನಿ ಅಂದ್ರ ನಾ ಹಿಮಾ ಎಲ್ಲಿಂದ ತರ್ಲಿ?"

ಮೊದಲನೇ ಸರ್ತಿ ವೈನಿ ಯಾರ್ನೂ ಕೇಳಲಿಲ್ಲ. ಕೋಚ್ ಗೀಚ್ ಏನಿಲ್ಲ. ಆಕಿ ತವರು ನಿಲಂಗಾ ಹತ್ರ, ಒಕ್ಕಲುತನದ ಮನಿ. ನಡೀಲಿಕ್ಕ ಬರೋದ್ರಾಗೇ ಅಪ್ಪ ಬಾವ್ಯಾಗ ಬಿಟ್ಟಿದ್ನಂತ. ಈಜೋದು ಬ್ಯಾರೆಯವ್ರು ಏನು ಕಲಸ್ತಾರ ಅನ್ನೋ ಸೊಕ್ಕು. ಒಂದೇ ಒಂದು ಹೊಸಾದು, ಮಕಾ ನೀರಿನ್ಯಾಗ ಹಾಕಿ ಕೈ ಬೀಸೋದು, ಅದನ್ನ ಯೂಟ್ಯೂಬ್ ನೋಡಿ ಆ ಬಾವ್ಯಾಗ ಉಳದಷ್ಟು ನೀರಿನ್ಯಾಗೇ ಕಲ್ತಳು. ಸೈಕಲ್ ಹೊಡೀಲಿಕ್ಕ ನಿಲಂಗಾ ರೋಡು, ಹುಕಿ ಬಂದಾಗ ಅಲ್ಲಿಂದ ಉದಗೀರ ತನಕ. ಒಂದ್ಸಲ ಶಿರೂರ ಅನಂತಪಾಳ ಹತ್ರ ಟಯರ್ ಪಂಕ್ಚರ್ ಆಗಿ, ಕಬ್ಬಿನ ಟ್ರ್ಯಾಕ್ಟರ್ ಮ್ಯಾಲೆ ಸೈಕಲ್ ಹಾಕ್ಕೊಂಡು, ಕಬ್ಬು ತಿನ್ಕೋತ ಮನಿಗೆ ಬಂದಿದ್ಳು.

ಸ್ಪರ್ಧಾ ಪುಣೆದಾಚಿ, ಘಟ್ಟದ ಕಡೆ ಒಂದು ದೊಡ್ಡ ಕೆರ್ಯಾಗ. ನೀರಿನ್ಯಾಗ ಗಾಳಿ ತುಂಬಿದ ಕೇಸರಿ ಬಣ್ಣದ ದೊಡ್ಡ ದೊಡ್ಡ ಪುಗ್ಗಾ ತೇಲಿಬಿಟ್ಟಿದ್ರಂತ, ಅವನ್ನ ಸುತ್ತ ಹಾಕ್ಕೊಂಡು ಬರಬೇಕು. ವೈನಿ ಬಾಣದಂಗ ಹೊಂಟಳು. ಹೊಂಟಳು ಖರೆ, ಎಡಕ್ಕ ಹೊಂಟಳು. ಎಲ್ಲಾರೂ ಪುಗ್ಗಾದ ಕಡೆ, ಈಕಿ ಒಬ್ಬಾಕಿ ಎಡಗಡೆ ಬೆಟ್ಟದ ಕಡೆ. ತಲಿ ಎತ್ತಿ ನೋಡಿ, ಹೌಹಾರಿ, ತಿರುಗಿ ಬರಾಕಿ. ಮತ್ತ ಮಕಾ ನೀರಿನ್ಯಾಗ ಹಾಕಿದ್ಳಂದ್ರ ಮತ್ತ ಎಡಕ್ಕ. ಹಿಂಗ ಗಿರಕಿ ಹೊಡ್ಯೋದ್ರಾಗ ವೇಳ್ಯಾ ಮುಗೀತು. ನಿಯಮದ ಪ್ರಕಾರ ಬೋಟ್ ಬಂತು, ಎತ್ತಿ ಕುಂಡ್ರಿಸ್ಕೊಂಡು ದಂಡಿಗೆ ತಂದು ಬಿಟ್ರು.

ಯಾರೋ ಪುಣ್ಯಾತ್ಮ ಅದನ್ನ ಫೋನಿನ್ಯಾಗ ತಗದ. ಆಕಿ ಊರು ಮುಟ್ಟೋದ್ರೊಳಗ ಆ ವಿಡಿಯೋ ಉಮರ್ಗಾ ತುಂಬ ತಿರುಗಿ ಲೋಹಾರಾ ಮುಟ್ಟಿತ್ತು. ‘ನೀರಿನ್ಯಾಗ ಬಿದ್ದಾಕಿ’ ಅಂತ ಹೆಸರು ಬಿತ್ತು. ಗಿರಾಕಿಗೋಳು ಅರಿವಿ ತಗೊಂಡು ಹೋಗೋ ಮುಂದ, "ಜೋಪಾನ ತಂಗಿ, ಬೋಟ್ ಬಂದದ್ದು ಪುಣ್ಯಾ" ಅಂತ ಕನಿಕರ ತೋರಸ್ತಿದ್ರು. ಹೀಯಾಳಿಸಿದ್ರ ವೈನಿ ತಿರುಗಿ ಅಂತಿದ್ಳು. ಕನಿಕರಕ್ಕ ಏನನ್ಬೇಕು?

ಒಂದಿನ ಮಧ್ಯಾಹ್ನ, ಅಂಗಡ್ಯಾಗ ಯಾರೂ ಇರಲಿಲ್ಲ, ನನಗ ಅಂದ್ಳು: "ಭಾವಜೀ, ನಾ ಮುಳಗಲಿಲ್ರಿ. ನಮ್ಮೂರ ಹುಡುಗ್ಯಾರಿಗೆಲ್ಲಾ ಈಜು ಕಲಿಸಿದಾಕಿ ನಾ. ನನ್ನ ಮುಳಗಿದಾಕಿ ಅಂತಾರ. ನನಗ ಮೆಡಲ್ ಬ್ಯಾಡ. ಆ ಕೆರಿಯಿಂದ ನನ್ನ ಕಾಲಿಲೇ ನಡ್ಕೋತ ಹೊರಗ ಬರಬೇಕು, ಅಷ್ಟೇ." ನಗಲಿಲ್ಲ. ಆಕಿ ನಗದೇ ಮಾತಾಡಿದ್ದು ನಾ ನೋಡಿದ್ದು ಅದೊಂದೇ ಸಲ.

ಆಯಿ ಮನಿಯೊಳಗ ತೀರ್ಪು ಕೊಟ್ರು. "ಇನ್ನೊಂದೇ ಸಲ. ಮತ್ತ ಬೋಟಿನ್ಯಾಗ ಕುಂತು ಬಂದೀ ಅಂದ್ರ, ಸೈಕಲ್ ಗುಜರಿಯವ್ಗ ತೂಕಕ್ಕ."

ಜಗಳಾ ಶುರು ಆಗಿದ್ದು ಆವಾಗ. ಅಣ್ಣ ಅಂದ: "ಈ ಸಲ ಕೋಚ್ ಇಟ್ಕೋ."

"ನನಗ್ಯಾಕ ಕೋಚು? ಬಾವಿ ನಂದು, ಕೈ ನಂದು, ಕಾಲು ನಂದು."

"ಅರಿವಿ ಅಳೀಲಿಕ್ಕೂ ನನಗ ಅಪ್ಪ ಬಾಜೂ ನಿಂತು ಕಲಸ್ಯಾನ."

"ಅದಕ್ಕೇ ಇನ್ನೂ ಗಿರಾಕಿಗೆ ನಾಕು ಬೆಳ್ಳು ಹೆಚ್ಚಿಗಿ ಕೊಡ್ತೀರಿ."

"ನೀ ಎಡಕ್ಕ ಯಾಕ ಹೋಗ್ತೀ, ಅದು ನಿನಗ ಗೊತ್ತದೇನು?"

ವೈನಿ ಮಡಚಿಟ್ಟ ಸೀರಿನೇ ಬಿಚ್ಚಿ ಮತ್ತ ಮಡಚ್ಲಿಕ್ಕ ಹತ್ತಿದ್ಳು. ಬಾವ್ಯಾಗ ಹೆಂಗಿದ್ರೂ ಗೋಲ್ ತಿರುಗೋದೇ, ಅಲ್ಲಿ ಎಡ ಬಲ ಯಾರು ನೋಡ್ತಾರ? ಅಣ್ಣ ಮೆತ್ತಗಿನಂವಾ ಅಂದೆನಲ್ಲ, ಖರೆ ಆ ಒಂದು ಮಾತು ಸರೀ ಮೊಳಿ ಹೊಡದಂಗ ಹೊಡದ. ಎರಡು ದಿವ್ಸ ಗಂಡಾ ಹೆಂಡ್ತಿ ಮಾತಾಡಲಿಲ್ಲ. ಮೂರನೇ ದಿನ ಪುಣೆದೊಬ್ಬ ಕೋಚ್ ಗೊತ್ತಾದ. ಫೋನಿನ ಮ್ಯಾಲೇ ಕಲಸಂವಾ.

ಒಳ್ಳೆ ಹುಡುಗನೇ ಅಂವಾ, ಸುಳ್ಳು ಯಾಕ ಹೇಳ್ಲಿ. ಮರಾಠಿ ಛಂದ, ಮಾತು ನೆಟ್ಟಗ. ಖರೆ ಅವನ ಪುಣೆ ಬ್ಯಾರೆ, ನಮ್ಮ ಉಮರ್ಗಾ ಬ್ಯಾರೆ. ಮೊದಲನೇ ಫೋನಿನ್ಯಾಗೇ ಕೇಳಿದ: "ತಾಯಿ, ನಿಮ್ಮ ಹತ್ರ ಈಜುಕೊಳ ಎಲ್ಲಿ?"

"ಉದಗೀರದಾಗ ಒಂದು ಇತ್ತು. ಈ ವರ್ಷ ಅದರಾಗ ಕ್ರಿಕೆಟ್ ಆಡ್ಲಿಕ್ಕತ್ತಾರ."

"ಓಡಿದ ಮ್ಯಾಲೆ ಥಂಡ ನೀರಿನ್ಯಾಗ ಸ್ವಲ್ಪ ಹೊತ್ತು ಕಾಲು ಇಡ್ರಿ."

"ಥಂಡ ನೀರಿದ್ರ ಕುಡೀತೀವಿ ದಾದಾ."

ಪಾಪ, ಕಲ್ಕೊಳ್ಳಿಕ್ಕ ಅವನಿಗೂ ಭಾಳ ಇತ್ತು. ಆದ್ರ ಸೈಕಲ್ ಮತ್ತ ಓಟದ ವಿಷಯದಾಗ ಅಂವಾ ಹೇಳಿದ್ದೆಲ್ಲಾ ಲಾಗೂ ಆತು. ವೈನಿ ಮೊದಲ ದಿನಾ ಜೀವ ಬಿಟ್ಟು ಓಡಿ, ಮೊಣಕಾಲು ಹಿಡ್ಕೊಂಡು ಕುಂಡ್ತಿದ್ಳು. "ಒಂದಿನ ಸಾವಕಾಶ, ಒಂದಿನ ಜೋರು, ಒಂದಿನ ಸುಮ್ನ ಮನ್ಯಾಗ" ಅಂತ ಅಂವಾ ಹಚ್ಚಿಕೊಟ್ಟ. ಮೊಣಕಾಲು ನೋವು ಹೋತು. ವೈನಿನೇ ಒಪ್ಪಿದ್ಳು, "ಸುಮ್ನ ಕುಂಡ್ರೋದೂ ಕಲಸ್ಲಿಕ್ಕ ಒಬ್ಬಂವಾ ಬೇಕು ನೋಡ್ರಿ" ಅಂತ.

ಉಳದಿದ್ದು ನೀರು. ತವರಿನ ಬಾವಿ ಅಷ್ಟೊತ್ತಿಗೆ ಪೂರಾ ಬತ್ತಿತ್ತು. ನಿಲಂಗಾ ಹತ್ರ ಆಕಿ ತಮ್ಮನ ಹೊಲದಾಗ ಒಂದು ಶೇತತಳಾ ಇತ್ತು. ಶೇತತಳಾ ಅಂದ್ರ ಹೊಲದಾಗ ದೊಡ್ಡ ತೆಗ್ಗು ತೋಡಿ, ಪ್ಲಾಸ್ಟಿಕ್ ಹಾಸಿ, ಮಳಿಗಾಲದ ನೀರು ತುಂಬಿಸಿ ಇಡೋದು. ಅದು ಕುಡ್ಯೋ ನೀರಲ್ಲ, ಮೋಸಂಬಿ ಗಿಡಕ್ಕ. ಆದ್ರೂ ಮಂದಿ ಬಿಡ್ತಾರಾ? "ಜನಾ ನೀರಿಲ್ಲದ ಸಾಯ್ಲಿಕ್ಕತ್ತಾರ, ಈಕಿ ಈಜ್ತಾಳ" ಅಂದ್ರು. "ನಾ ಈಜಿದ್ರ ನೀರು ಸವೀತದೇನು? ಸವದ್ರ ಹೇಳ್ರಿ, ತುಂಬಿ ಕೊಡ್ತೀನಿ" ಅಂದ್ಳು ವೈನಿ. ಈಜಿದ್ರ ಸವ್ಯೋದಿಲ್ಲ ಖರೆ, ಗಿಡಕ್ಕ ಬಿಟ್ರ ಸವೀತದ. ಹೋದಾಗೊಮ್ಮೆ ನೀರು ಒಂದು ಗೇಣು ಕೆಳಗೆ. ತಮ್ಮ ಮೊದಲೇ ಹೇಳಿಬಿಟ್ಟಿದ್ದ, "ಅಕ್ಕಾ, ಗಿಡಾ ನಾ ಒಣಗಿಸಂಗಿಲ್ಲ. ನೀರಿರೋ ತನಕ ನೀ ಈಜು." ಅಂದ್ರ ಆ ತಳಾ ಖಾಲಿ ಆಗೋದ್ರಾಗ ಎಡಕ್ಕ ಹೋಗೋ ರೋಗಕ್ಕ ಮದ್ದು ಸಿಗಬೇಕು.

ಐತವಾರ ಅಂಗಡಿ ಬಂದ್. ನನ್ನ ಹಳೀ ವ್ಯಾನಿನ್ಯಾಗ ನಾವೆಲ್ಲಾ ನಿಲಂಗಾಕ್ಕ ಹೋಗೋದು. ಪ್ಲಾಸ್ಟಿಕ್ ಮ್ಯಾಲೆ ಕಾಲು ಜಾರ್ತದ, ಒಳಗ ಇಳದವ್ರಿಗೆ ಮ್ಯಾಲೆ ಬರ್ಲಿಕ್ಕ ಆಗೋದಿಲ್ಲ, ಅದಕ್ಕ ಬೇವಿನ ಗಿಡಕ್ಕ ಗಂಟು ಗಂಟು ಹಗ್ಗ ಕಟ್ಟಿ ಬಿಟ್ಟಿದ್ವಿ. ಆಕಿ ಈಜೋದು ನಾ ವಿಡಿಯೋ ತಗದು ಪುಣೆಕ್ಕ ಕಳಸ್ತಿದ್ದೆ. ಅಂವಾ ನೋಡಿ ಹೇಳಿದ, "ತಾಯಿ, ನಿಮ್ಮ ಎಡಗೈ ಪೂರಾ ಹಿಂದ ಹೋಗವಲ್ದು. ಅರ್ಧಕ್ಕ ಒಳಗ ಎಳ್ಕೋತೀರಿ. ಬಲಗೈ ಒಂದೇ ದುಡೀತದ, ಅದು ನಿಮ್ಮನ್ನ ಎಡಕ್ಕ ನೂಕ್ತದ. ಎಡಗೈ ಶಕ್ತಿ ಕಮ್ಮಿ ಅದ. ಭಾರ ಎತ್ರಿ."

ವೈನಿ ಅರಿವಿ ಗಂಟು ಎಡಗೈಲೇ ಎತ್ಲಿಕ್ಕ ಹತ್ತಿದ್ಳು. ಮಾಡದ ಮ್ಯಾಲಿನ ಅರಿವಿ ಸುರುಳಿ ಎಡಗೈ, ಕೊಡಾ ಎಡಗೈ, ರೊಟ್ಟಿ ಬಡ್ಯೋದೂ ಎಡಗೈ. ರೊಟ್ಟಿ ಲಾತೂರ ಜಿಲ್ಲಾದ ನಕಾಶೆದಂಗ ಆಗ್ತಿದ್ವಂತ, ಅಣ್ಣ ಕಣ್ಣು ಮುಚ್ಕೊಂಡು ತಿಂದ. ಎಡಗೈ ಕಬ್ಬಿಣ ಆತು. ನೀರಿನ್ಯಾಗ ಇಳದ್ರ ಮತ್ತ ಎಡಕ್ಕ.

"ಶಕ್ತಿ ಅದ, ಆದ್ರೂ ಒಳಗ ಎಳ್ಕೋತೀರಿ. ಯಾಕ?" ಅಂತ ಕೋಚ್ ಕೇಳಿದ.

"ನಾ ಎಳ್ಕೊಳ್ಳಿಕ್ಕತ್ತಿಲ್ಲ ದಾದಾ."

"ವಿಡಿಯೋದಾಗ ಕಾಣ್ತದ ತಾಯಿ."

"ನನಗ ಗೊತ್ತಿಲ್ಲ."

ಖರೇನೇ ಗೊತ್ತಿರಲಿಲ್ಲ. ತನ್ನಷ್ಟಕ್ಕ ಮಾಡೋದ್ರಾಗ ಇರೋ ಕುತ್ತು ಇದೇ ಇರಬೇಕು, ಇನ್‌ಬಾಕ್ಸಿನ ತಮ್ಮಾ, ಲಕ್ಷ್ಯ ಕೊಟ್ಟು ಕೇಳು: ನಮ್ಮ ಕೈ ಏನು ಮಾಡ್ತದಂತ ನಮಗೇ ಗೊತ್ತಿರೋದಿಲ್ಲ. ಮತ್ತ ಕೋಚಿನ ಕಡೆಗಿನ ಕುತ್ತೂ ಅಲ್ಲೇ ಇತ್ತು. ಅವ್ಗ ಕೈ ಕಂಡಿತ್ತು, ಕಾರಣ ಕಂಡಿರಲಿಲ್ಲ.

ಆ ಐತವಾರ ಆಯಿ ನಾನೂ ಬರ್ತೀನಿ ಅಂದ್ರು. ಸೊಸಿ ಎಂಥಾ ಅರಿವಿ ಹಾಕ್ಕೊಂಡು ನೀರಿಗೆ ಇಳೀತಾಳ ಅದೊಂದು ನೋಡಬೇಕಿತ್ತು ಅವ್ರಿಗೆ. ಮುಂದಿನ ಸೀಟಿನ್ಯಾಗ ಕುಂತು ದಾರಿ ತುಂಬ ನನ್ನ ಗಾಡಿ ಓಡ್ಸೋದ್ರಾಗೂ ತಪ್ಪು ಹುಡುಕಿದ್ರು. ತಳಾದ ಒಡ್ಡಿನ ಮ್ಯಾಲೆ, ಬೇವಿನ ನೆಳ್ಳಿಗೆ ಕಂಬಳಿ ಹಾಸಿ ಕುಂಡ್ರಿಸಿದ್ವಿ. ಕೊಳ್ಳಿಂದ ಹಿಮ್ಮಡಿ ತನಕ ಮುಚ್ಚಿದ ಕರೇ ಸೂಟು ನೋಡಿ, "ಇಷ್ಟೇನಾ, ನಾ ಏನೋ ಅಂದ್ಕೊಂಡಿದ್ದೆ" ಅಂತ ನಿರಾಶಾ ಆದಂಗ ಅಂದ್ರು.

ವೈನಿ ಇಳದಳು, ಈಜಲಿಕ್ಕ ಹತ್ತಿದ್ಳು. ನಾ ಫೋನ್ ಹಿಡ್ಕೊಂಡು ನಿಂತೆ. ಆಯಿ ಕಣ್ಣು ಸಣ್ಣ ಮಾಡ್ಕೊಂಡು ನೋಡಿದ್ರು. ಆಮ್ಯಾಲೆ ಕಿಸಕ್ಕನೆ ನಕ್ಕರು.

"ಯಾಕ್ರಿ ಆಯಿ?"

"ಲಿಂಗ ಮುಟ್ಕೊಳ್ಳಿಕ್ಕತ್ತಾಳಲ್ಲೋ!"

ನನಗ ತಿಳೀಲಿಲ್ಲ. ಆಯಿ ತಮ್ಮ ಎಡಗೈ ಎದಿ ಮ್ಯಾಲೆ, ಸೀರಿ ಒಳಗಿನ ಲಿಂಗದ ಮ್ಯಾಲೆ ಇಟ್ಟು ತೋರಿಸಿದ್ರು. "ಬಸ್ ಹತ್ತೋ ಮುಂದ ನಾ ಹಿಂಗೇ ಮಾಡ್ತೀನಿ. ಜಾರೀತು ಅಂತ ಜೀವಾ ಹೊಡ್ಕೋತದ. ನೋಡು, ಕೈ ಬೀಸ್ತಾಳ, ತಿರುಗಿ ತರೋ ಮುಂದ ಒಂದ್ಸಲ ಮುಟ್ತಾಳ. ಬೀಸ್ತಾಳ, ಮುಟ್ತಾಳ. ಹಂಗ ಮುಟ್ಕೋತ ಹೋದ್ರ ಕೈ ಹಿಂದ ಹ್ಯಾಂಗ ಹೋಗಬೇಕು?"

ಫೋನಿನ್ಯಾಗ ವಿಡಿಯೋ ದೊಡ್ಡದು ಮಾಡಿ ನೋಡಿದೆ. ಹೌದೇ ಹೌದು! ಕೈ ನೀರಿನ್ಯಾಗಿಂದ ಹಿಂದ ಹೋಗೋ ಮುಂದ, ಬೆಳ್ಳು ಎದಿ ಸವರಿ ಹೋಗ್ತಿತ್ತು, ರೆಪ್ಪಿ ಬಡ್ಯೋದ್ರಾಗ.

ವೈನಿನ ಹಗ್ಗ ಹಿಡ್ಕೊಂಡು ಮ್ಯಾಲೆ ಬಾ ಅಂತ ಕರದು ಹೇಳಿದ್ವಿ. ನೆಲದ ಮ್ಯಾಲೆ ಕುಂತಳು. ಮೈಯಿಂದ ನೀರು ಇಳೀಲಿಕ್ಕತ್ತಿತ್ತು. ಮಕಾ ಒರಸ್ಕೋತ ಅಂದ್ಳು, "ಅಪ್ಪ ಬಾವ್ಯಾಗ ಬಿಡೋ ಮುಂದ ಅದೊಂದೇ ಮಾತು ಹೇಳ್ತಿದ್ದ. ಮೈ ಮುಳುಗ್ಲಿ, ಲಿಂಗ ಜಾರಬಾರ್ದು ನೋಡು ಅಂತ. ಸಣ್ಣಾಕಿದ್ದಾಗಿಂದ ಹಿಂಗೇ ಈಜೀನಿ ಹಂಗಾದ್ರ."

"ಒಂದಿನ ತಗದಿಟ್ಟು ಈಜ್ರಲ್ಲ ವೈನಿ" ಅಂದೆ ನಾ. ಬುದ್ಧಿ ಇಲ್ಲದ ಮಾತು. ಅತ್ತಿ ಸೊಸಿ ಇಬ್ರೂ ಒಮ್ಮಿಗೇ ನನ್ನ ಕಡೆ ಹೊಳ್ಳಿ ನೋಡಿದ್ರು. ಅಷ್ಟು ದಿವ್ಸದಾಗ ಅವ್ರಿಬ್ರೂ ಒಂದೇ ಕಡೆ ಇದ್ದದ್ದು ಅವತ್ತೇ ಮೊದಲ. ಬದುಕಿದ್ದೇ ದೊಡ್ಡದು.

"ಮೈಯಿಂದ ಇಳಿಸೋ ಮಾತು ಇನ್ನೊಮ್ಮೆ ಆಡಬ್ಯಾಡ" ಅಂದ್ರು ಆಯಿ. "ಜಾರದಂಗ ಕಟ್ಟಿದ್ರ ಆತು. ಕಟ್ಟೋದು ನನಗ ಬಿಡ್ರಿ."

ಆಯಿ ಹೊಲಿಗಿ ಮಶೀನ್ ಎಷ್ಟೋ ವರ್ಷದಿಂದ ಮೂಲ್ಯಾಗ ಬಿದ್ದಿತ್ತು. ಅದನ್ನ ಎಣ್ಣಿ ಹಾಕಿ ತಗದ್ರು. ಅಂಗಡ್ಯಾಗಿನ ಹಿಗ್ಗೋ ಅರಿವಿ ತುಂಡು ಎರಡು ಪದರ ಮಾಡಿ, ಆ ಸೂಟಿನ ಒಳಗ ಎದಿ ಹತ್ರ ಒಂದು ಕಿಸೆ ಹೊಲದು, ಬಾಯಿಗೆ ಅಡ್ಡ ಪಟ್ಟಿ ಹಚ್ಚಿದ್ರು. ಲಿಂಗ ಅದರಾಗ ಕುಂತಿತಂದ್ರ ತಲಿ ಕೆಳಗ ಕಾಲು ಮ್ಯಾಲೆ ಮಾಡಿದ್ರೂ ಅಲುಗಂಗಿಲ್ಲ. ಮೊದಲ ಸಲ ಹಾಕ್ಕೊಂಡು ಇಳದಾಗ ಆಯಿ ಗೊಣಗಿದ್ರು, "ನಾ ಮನ್ಯಾಗ ಒಂದು ಚಮಚ ನೀರಿನ್ಯಾಗ ಪೂಜಾ ಮುಗಸ್ತೀನಿ, ಈಕಿ ಲಿಂಗಕ್ಕ ಇಡೀ ತಳಾ ಅಭಿಷೇಕ!"

ಕಿಸೆ ಆತು. ಕೈ ಕೇಳಬೇಕಲ್ಲ? ಚಟಾ ಅದು. ಲಿಂಗ ಗಟ್ಟಿ ಕುಂತದ ಅಂತ ತಲಿಗೆ ಗೊತ್ತು, ಕೈಗೆ ಗೊತ್ತಿಲ್ಲ. ಅಲ್ಲಿಂದ ಶುರು ಆತು ನೋಡ್ರಿ ಆಯಿ ಆಟ. ಐತವಾರ ಬಂತಂದ್ರ ನಮಕಿಂತ ಮೊದಲ ವ್ಯಾನಿನ್ಯಾಗ ಕುಂಡ್ತಿದ್ರು. ಒಡ್ಡಿನ ಮ್ಯಾಲೆ ನಿಂತು, ಕೈ ಎದಿಗೆ ಹೋತು ಅಂದ್ರ ಸಾಕು, "ಕೈ ತಗೀ!" ಅಂತ ಚೀರೋದು. ಮೋಸಂಬಿ ಗಿಡದಾಗಿನ ಹಕ್ಕಿ ಹಾರಿ ಹೋಗ್ತಿದ್ವು. ಸೊಸಿ ಉಸುರು ತಗೊಳ್ಳಿಕ್ಕ ಮಕಾ ಹೊರಗ ತಗದ್ರ ಕಿವ್ಯಾಗ ‘ಕೈ ತಗೀ’. ತಿರುಗಿ ಬಂದ್ರ ‘ಕೈ ತಗೀ’. ವಾರದಾಗ ಉಳದ ದಿವ್ಸ ಅಂಗಡ್ಯಾಗ ಸೀರಿ ತೋರಿಸೋ ಮುಂದ ಮರತು ಎದಿ ಮುಟ್ಕೊಂಡ್ರೂ ಒಳಗಿಂದ ‘ಕೈ ತಗೀ!’ ಗಿರಾಕಿ ಹೆದರಿ ತನ್ನ ಕೈ ತಗೀತಿದ್ಳು.

ಕೋಚಿಗೆ ಫೋನ್ ಹಚ್ಚಿ ವೈನಿ ಎಲ್ಲಾ ಬಿಡಿಸಿ ಹೇಳಿದ್ಳು. ಅಂವಾ ಮೊದಲ ನಕ್ಕ, ಆಮ್ಯಾಲೆ ಅಂದ: "ತಾಯಿ, ನಾ ನೂರು ವಿಡಿಯೋ ನೋಡಿದ್ರೂ ಇದು ನನಗ ತಿಳೀತಿರಲಿಲ್ಲ. ನೀರಿನ ದಂಡಿ ಅವ್ರಿಗೆ ಬಿಡ್ರಿ. ಸೈಕಲ್, ಓಟ ನನಗಿರ್ಲಿ. ಆದ್ರ ಐದು ಕೈ ಬೀಸಿ ಒಂದ್ಸಲ ಮುಂದ ನೋಡೋದು ಬಿಡಬ್ಯಾಡ್ರಿ." ವೈನಿ ಅವನ್ನ ಕಡೀ ತನಕ ಬಿಡಲಿಲ್ಲ. ಆಯಿ ಮಾತ್ರ, "ಹೊಲ್ಯೋದೂ ನಾನೇ, ಚೀರೋದೂ ನಾನೇ, ರೊಕ್ಕ ಅವ್ಗಾ?" ಅಂತ ಕೇಳೋದು ಬಿಡಲಿಲ್ಲ.

ತಳಾದ ನೀರು ಇಳೀತ ಇಳೀತ ಕಡೀಗೆ ಕೈ ಬೀಸಿದ್ರ ಬೆಳ್ಳು ಪ್ಲಾಸ್ಟಿಕ್ಕಿಗೆ ತಾಗಲಿಕ್ಕ ಹತ್ತಿದ್ವು. ಕಡೀ ಐತವಾರ ವೈನಿ ಈ ದಂಡಿಯಿಂದ ಆ ದಂಡಿಗೆ ಹೋದ್ಳು. ಆಯಿ ಬಾಯಿ ತಗದು ನಿಂತಿದ್ರು, ಚೀರೋ ಪ್ರಸಂಗ ಬರ್ಲಿಲ್ಲ. ನೆಟ್ಟಗ, ಎದುರು ದಂಡಿಗೆ ಗುರ್ತಿಗಂತ ನಿಲ್ಲಿಸಿದ ಕಂಬಕ್ಕೇ ಹೋಗಿ ಮುಟ್ಟಿದ್ಳು. ಆಕಿ ತಮ್ಮ ಉಳದ ನೀರಿಗೆ ಮೋಟರ್ ಹಚ್ಚಿದ.

ಸ್ಪರ್ಧಾಕ್ಕ ಅಣ್ಣ, ಆಯಿ, ನಾನು ಎಲ್ಲಾರೂ ಹೋದ್ವಿ. ಅದೇ ಕೆರಿ. ಮುಂಜಾನಿ ದಂಡಿ ಮ್ಯಾಲೆ ಜಾತ್ರಿ ಕೂಡಿದಂಗ ಮಂದಿ. ಸೀಟಿ ಆತು, ಎಲ್ಲಾರೂ ಒಮ್ಮಿಗೇ ನೀರಿಗೆ ಬಿದ್ರು. ಮೊದಲನೇ ಪುಗ್ಗಾದ ತನಕ ವೈನಿ ನೆಟ್ಟಗ ಹೋದ್ಳು. ಅಣ್ಣ ನನ್ನ ತೋಳು ಎಷ್ಟು ಬಿಗಿ ಹಿಡದಿದ್ದಂದ್ರ ಎರಡು ದಿವ್ಸ ಬಾವು ಇಳೀಲಿಲ್ಲ.

ಪುಗ್ಗಾ ಸುತ್ತೋ ಕಡೆ ಗದ್ದಲ ಆತು. ಯಾರದೋ ಕಾಲು ಆಕಿ ಎದಿಗೆ ಬಡೀತು. ದೂರಿಂದ ನಮಗ ಕಂಡಿದ್ದಿಷ್ಟು: ಈಕಿ ಗುಂಪಿನಿಂದ ಸಿಡದು ಎಡಕ್ಕ ಹೊಂಟಳು. ಮತ್ತ ಅದೇ ಬೆಟ್ಟದ ಕಡೆ. ಬೋಟ್ ಸಾವಕಾಶ ಆಕಿ ಹಿಂದ ತಿರುಗಿತು.

ಆಯಿ ದಂಡಿ ಮ್ಯಾಲಿಂದ ಚೀರಿದ್ರು, "ಕೈ ತಗೀ!" ಬಾಜೂದವ್ರು ಹಾರಿ ಬಿದ್ರು. ಅಷ್ಟು ದೂರ ಕೇಳ್ತದೇನು? ಆಯಿಗೂ ಗೊತ್ತದ ಕೇಳೋದಿಲ್ಲಂತ. ಬೋಟಿನಂವಗ ಬೈಲಿಕ್ಕ ಹತ್ತಿದ್ರು. "ಏ ಬೋಟಿನಂವಾ, ಹಿಂದಕ್ಕ ಸರೀ! ಆಕಿ ನಮ್ಮಾಕಿ, ಮುಳಗಂಗಿಲ್ಲ!"

ನೀರಿನ್ಯಾಗ ವೈನಿ ಒಂದು ಗಳಿಗಿ ನಿಂತಳು. ತಲಿ ಎತ್ತಿ ಪುಗ್ಗಾ ನೋಡಿದ್ಳು. ಆಮ್ಯಾಲೆ ಹೊಳ್ಳಿ ಕೈ ಹಾಕಿದ್ಳು ನೋಡ್ರಿ, ಎಡಗೈ ಪೂರಾ ಹಿಂದಕ್ಕ, ತೊಡಿ ಸವರಿ ಹೊರಗ ಬಂತು. ಮತ್ತ ಪೂರಾ. ಮತ್ತ ಪೂರಾ. ನಿಲಂಗಾದ ಹೊಲದಾಗ ಮೊದಲ ಸಾಲು ಹೊಡ್ಯೋರು ಎದುರಿನ ಗಿಡಾ ನೋಡ್ಕೋತ ಕೂರಿಗಿ ಹೊಡೀತಾರಲ್ಲ, ಹಂಗ ನೆಟ್ಟಗ. ಬೋಟ್ ಅಲ್ಲೇ ನಿಂತಿತು. ಏನು ಮಾಡಿದ್ರಿ ಅಂತ ನಾ ಆಮ್ಯಾಲೆ ಕೇಳಿದೆ. "ಏನಿಲ್ರಿ ಭಾವಜೀ. ಅತ್ಯಾರ ಬಾಯಿ ನನ್ನ ತಲ್ಯಾಗೇ ಮನಿ ಮಾಡೇದ, ದಂಡಿ ಮ್ಯಾಲೆ ಅವ್ರು ಯಾಕಿರಬೇಕು?" ಅಂದ್ಳು.

ದಂಡಿ ಹತ್ರ ಕಾಲಿಗೆ ನೆಲ ಸಿಕ್ಕಿತು. ಎದ್ದು ನಿಂತಳು, ಜೋಲಿ ಹೊಡದಳು. ಅಲ್ಲಿ ನಿಂತ ಕಾರ್ಯಕರ್ತನೊಬ್ಬ ಹಿಡೀಲಿಕ್ಕ ಕೈ ಚಾಚಿದ. ವೈನಿ ತಲಿ ಅಲ್ಲಾಡಿಸಿದ್ಳು, ಬ್ಯಾಡ ಅಂತ. ಸಾವಕಾಶ, ಒಂದೊಂದೇ ಹೆಜ್ಜಿ, ನೀರು ಕಾಲಿಂದ ಬಿಡಿಸ್ಕೋತ ನಡದು ಹೊರಗ ಬಂದ್ಳು. ಅಣ್ಣ ಅತ್ತ. ನಾ ಅಳಲಿಲ್ಲ, ಕಣ್ಣಾಗ ಏನೋ ಬಿದ್ದಿತ್ತು.

ಸೈಕಲ್, ಓಟದ ಬಗ್ಗೆ ಹೇಳಂಥಾದ್ದೇನಿಲ್ಲ. ಬಿಸಲು ಏರಿದಂಗ ಪುಣೆ ಮುಂಬೈದವ್ರು ಬಾಡ್ಲಿಕ್ಕ ಹತ್ತಿದ್ರು. ನಮ್ಮಾಕಿ ಆ ಬಿಸಲಿಗೆ, "ಇದೇನು ಶ್ರಾವಣದ ಬಿಸಲು" ಅಂದಂಗ ಒಬ್ಬೊಬ್ಬರನ್ನೇ ಹಿಂದ ಹಾಕ್ಕೋತ ಬಂದ್ಳು. ಮೆಡಲ್ ಹಾಕಿದ್ರು. ಅಲ್ಲಿಂದಲೇ ಪುಣೆದ ಕೋಚಿಗೆ ಫೋನ್ ಹಚ್ಚಿದ್ಳು, ಇಬ್ರೂ ಒಬ್ಬರ ಮಾತು ಒಬ್ರು ಕೇಳದೇ ಒದರಾಡಿದ್ರು.

ಇಷ್ಟ್ರಾಗ ಆಯಿ ಎಲ್ಲಿ ಅಂತ ನೋಡಿದ್ರ ಕಾಣವಲ್ರು. ಹುಡುಕಿದ್ರ ದಂಡಿ ಮ್ಯಾಲೆ ನಿಂತಾರ, ಒಬ್ರೇ, ಕೆರಿ ನೋಡ್ಕೋತ. ವೈನಿ ಕುಂಟ್ಕೋತ ಹೋಗಿ ಬಾಜೂ ನಿಂತಳು. "ಎಷ್ಟು ನೀರದ ನೋಡವಾ..." ಅಂದ್ರು ಆಯಿ. "ಇಷ್ಟು ನೀರು ನಾ ಹುಟ್ಟಿದಾಗಿಂದ ನೋಡಿಲ್ಲ."

"ಇಳೀತೀರೇನು ಅತ್ಯಾ?"

"ಹುಚ್ಚೀ. ಈ ವಯಸ್ಸಿನ್ಯಾಗಾ?"

ಅಂದವ್ರೇ ಚಪ್ಪಲಿ ಬಿಟ್ಟರು. ಸೊಸಿ ಕೈ ಹಿಡ್ಕೊಂಡ್ರು. ಹಿಮ್ಮಡಿ ಮುಳಗ್ತು, ಮೊಣಕಾಲು ಮುಳಗ್ತು, ಸೀರಿ ಗಾಳಿ ತುಂಬಿ ಸುತ್ತ ತೇಲಿತು. "ಇನ್ನೂ ಮುಂದ ಬರ್ರಿ ಅತ್ಯಾ, ನಾ ಅದೀನಿ." ನಡಾ ಮುಳಗೋ ತನಕ ಹೋದ್ರು. ಎರಡೂ ಕೈಲೇ ನೀರು ಎತ್ತಿ ಎತ್ತಿ ಮಕಕ್ಕ ಹಾಕ್ಕೊಂಡ್ರು, ಸೊಸಿ ಮ್ಯಾಲೆ ಉಗ್ಗಿದ್ರು, ಸಣ್ಣ ಹುಡುಗಿಗತೆ ಕಿಲಕಿಲ ನಕ್ಕರು.

ದಂಡಿಯಿಂದ ಒಬ್ಬಂವಾ ಸೀಟಿ ಊದ್ಕೋತ ಓಡಿ ಬಂದ. "ಆಜೀ, ಸ್ಪರ್ಧಾ ಮುಗೀತು, ಹೊರಗ ಬರ್ರಿ!"

ಆಯಿ ಹೊಳ್ಳಿ ನೋಡಿದ್ರು, ಕಟ್ಟಿ ಮ್ಯಾಲಿನ ಅದೇ ದನಿ.

"ಊದು ತಮ್ಮಾ, ಎಷ್ಟ್ ಬೇಕಾದ್ರೂ ಊದು. ಉಮರ್ಗಾದಾಗ ಮಳಿ ಬಂತು ಅಂತ ಫೋನ್ ಬರೋ ತನಕ ನಾ ಹೊರಗ ಬರಂಗಿಲ್ಲ!"